ಸಫಾರಿಯ ಪ್ರವಾಸಕಥನ : ಒಂದು ವಿಮರ್ಶೆ

ಕೋವಿಡ್ ಪಿಡುಗಿನ ವರ್ಷಗಳಲ್ಲಿ ನಮ್ಮ ಪ್ರವಾಸಸಾಹಿತ್ಯಕ್ಕೆ ಒಂದು ಬಗೆಯ ಬರವಣಿಗೆ ಹೊಸದಾಗಿ ಸೇರಿತು. ತಿಂಗಳುಗಟ್ಟಲೆ ಮನೆಯೊಳಗೆ ಕುಳಿತ ಕುಟುಂಬವು ಸ್ವಂತ ಕಾರಿನಲ್ಲಿ ಹೊರಟು, ಜನಸಂಪರ್ಕಕ್ಕೆ ಅಂಜಿ, ಗಾಡಿಯಲ್ಲಿ ಕುಳಿತೇ ಹುಲಿ ಸಿಂಹಗಳನ್ನು ನೋಡಿ ಮರಳಿದ ವೃತ್ತಾಂತವಿದು. ಈ ಬಗೆಯ ಕಥನಗಳ ಗುಣದೋಷಗಳನ್ನು ಎರಡು ಪ್ರಾಚೀನ ಕೃತಿಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಗಾಡಿಯಿಂದಿಳಿಯದೆ ಮೃಗಗಳನ್ನು ನೋಡುವ ಏರ್ಪಾಡು ಇಂಗ್ಲೆಂಡಿನ ಲಾಂಗ್‌ಲೀಟ್‌ನಲ್ಲಿ 1966ರಲ್ಲಿಯೇ ಆರಂಭವಾಗಿತ್ತು. ಪಿಡುಗು ಅದಕ್ಕೆ ಹೊಸ ಅರ್ಥವನ್ನು ಕೊಟ್ಟಿತು. 2020ರಲ್ಲಿ ಕೆನಡಾದ ಟೊರಾಂಟೊ ಮೃಗಾಲಯವು ಪ್ರೇಕ್ಷಕರನ್ನು ಅವರವರ ಕಾರುಗಳಲ್ಲಿಯೇ ಒಳಗೆ ಬಿಟ್ಟಿತು. ನಮ್ಮಲ್ಲಿಯ ಕ್ರಮ ಬೇರೆ. ಹಂಪೆಗೆ ಸಮೀಪದ ಕಮಲಾಪುರದಲ್ಲಿ 2017ರಲ್ಲಿ ತೆರೆದ ಅಟಲ್ ಬಿಹಾರಿ ವಾಜಪೇಯಿ ಜೂಲಾಜಿಕಲ್ ಪಾರ್ಕಿನಲ್ಲಿ ಪ್ರೇಕ್ಷಕರು ಉದ್ಯಾನದ ವಾಹನವನ್ನೇ ಏರಬೇಕು. ರೋಣ, ಗಜೇಂದ್ರಗಡಗಳ ಕಡೆಯವರಿಗೆ ಸಮೀಪದ ಸಫಾರಿ ಇದೇ ಆಗಿದೆ.

ಈ ಕಥನಗಳಿಗೆ ಒಂದು ಗುಣವುಂಟು. ಬಂಧನದ ಬೇಸರವನ್ನು ತಾವೇ ಅನುಭವಿಸಿದವರು ಬಂಧನದಲ್ಲಿರುವ ಪ್ರಾಣಿಯನ್ನು ಕಂಡಾಗ ಕ್ಷಣಕಾಲವಾದರೂ ಮರುಗುತ್ತಾರೆ. ಆದರೆ ಆ ಮರುಕ ವಿಚಾರವಾಗಿ ಬೆಳೆಯುವುದಿಲ್ಲ. ಕಂಡ ಹುಲಿ ಎಷ್ಟು, ಸಿಂಹ ಎಷ್ಟು ಎಂಬ ಲೆಕ್ಕದಲ್ಲಿ ಅದು ಮುಗಿಯುತ್ತದೆ. ಬಾಗಿಲಿನಿಂದ ಬಾಗಿಲಿನವರೆಗಿನದೇ ಕಥೆ. ಅಲ್ಲಿಗೆ ಹೋದ ದಾರಿಗೆ ಒಂದು ವಾಕ್ಯವೂ ದೊರೆಯುವುದಿಲ್ಲ.

ಇಲ್ಲಿ ದುರ್ಗಸಿಂಹನನ್ನು ನೆನೆಯುವುದು ಉಚಿತ. ಸು. 1031ರಲ್ಲಿ ಕನ್ನಡ ಪಂಚತಂತ್ರವನ್ನು ರಚಿಸಿದ ಈ ಕವಿಯ ಸಯ್ಯಡಿಯನ್ನು ಇಂದಿನ ರೋಣ ತಾಲೂಕಿನ ಸವಡಿಯೆಂದು ಗುರುತಿಸುತ್ತಾರೆ. ಪಂಚತಂತ್ರದ ಮೊದಲ ಕಥೆಯೂ ಒಂದು ಪ್ರಯಾಣದಿಂದಲೇ ತೊಡಗುತ್ತದೆ. ವರ್ತಕನ ಬಂಡಿಯ ಎತ್ತು ಕಾಡುದಾರಿಯಲ್ಲಿ ಕುಸಿಯುತ್ತದೆ. ವರ್ತಕನು ಅದನ್ನು ಬಿಟ್ಟು ಮುಂದೆ ಸಾಗುತ್ತಾನೆ. ಕಥೆ ಮಾತ್ರ ಬಂಡಿಯ ಹಿಂದೆ ಹೋಗದೆ ಎತ್ತಿನ ಬಳಿಯಲ್ಲಿಯೇ ನಿಲ್ಲುತ್ತದೆ. ಇನ್ನೂ ಕಣ್ಣಿಗೆ ಬೀಳದ ಆ ಎತ್ತಿನ ಗುಟುರಿಗೆ ಕಾಡಿನರಸನಾದ ಸಿಂಹವೇ ಅಂಜುತ್ತದೆ. ಸಫಾರಿಯ ಕಥನ ಇದಕ್ಕೆ ತೀರ ವಿರುದ್ಧ. ಅದು ಯಾವಾಗಲೂ ಗಾಡಿಯೊಡನೆ ಸಾಗುತ್ತದೆ, ಪ್ರಾಣಿ ಹಿಂದುಳಿಯುತ್ತದೆ.

ಹಂಪೆಯ ರಾಘವಾಂಕನ ಹರಿಶ್ಚಂದ್ರಕಾವ್ಯದ ಬೇಟೆಯ ಪ್ರಸಂಗವೂ ಗಮನಾರ್ಹವಾದುದು. ಅಲ್ಲಿ ಅರಸನು ವಿನೋದಕ್ಕೆಂದು ಕಾಡಿಗೆ ಹೊರಡುವುದಿಲ್ಲ; ಮೃಗಗಳ ಹಾವಳಿಗೆ ನೊಂದ ಪ್ರಜೆಗಳ ಮೊರೆಯೇ ಅವನನ್ನು ಹೊರಡಿಸುತ್ತದೆ. ಆ ಮೃಗಗಳು ವಿಶ್ವಾಮಿತ್ರನ ಸೃಷ್ಟಿಯೆಂಬುದು ನಿಜ; ಮೊರೆ ಮಾತ್ರ ಒಕ್ಕಲಿಗನ ನಿತ್ಯಾನುಭವದ್ದು. ಬೇಟೆ ಇಂದು ನಿಷಿದ್ಧ, ಅದು ನ್ಯಾಯವೇ. ಆದರೆ ಆ ಮೊರೆ ನಿಂತಿಲ್ಲ. ರೋಣ, ನರಗುಂದಗಳ ಎರೆಹೊಲಗಳಲ್ಲಿ ಹೆಸರು, ಕಡಲೆ ಮೊಳೆತೊಡನೆ ಚಿಗರಿಗಳ ಹಿಂಡು ಇಳಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಕೃಷ್ಣಮೃಗವೇ ಈ ಚಿಗರಿ. ಅದನ್ನು ಕೊಲ್ಲುವಂತಿಲ್ಲ, ಬೆಳೆ ಕಳೆದುಕೊಂಡು ಬಾಳುವಂತೆಯೂ ಇಲ್ಲ. ರೈತನು ರಾತ್ರಿ ಹೊಲದಲ್ಲಿ ಕಾವಲಿರುತ್ತಾನೆ.

ರೋಣದಿಂದ ಗಜೇಂದ್ರಗಡ, ಕುಷ್ಟಗಿಗಳ ಮೇಲೆ ಕಮಲಾಪುರಕ್ಕೆ ಹೋಗುವ ಪ್ರವಾಸಿಗನು ಈ ಹೊಲಗಳನ್ನು ದಾಟಿಯೇ ಹೋಗಬೇಕು. ದಾರಿಯಲ್ಲಿ ನೆಗೆಯುವ ಚಿಗರಿಯನ್ನು ಗಮನಿಸದೆ, ಬೇಲಿಯೊಳಗಿನ ಅದೇ ಕೃಷ್ಣಮೃಗಕ್ಕೆ ಟಿಕೆಟು ಕೊಂಡು ಬೆರಗಾಗುತ್ತಾನೆ. ಹೊರಗಿನ ಚಿಗರಿಗೆ ಹೊಲದೊಡನೆ, ಹಸಿವಿನೊಡನೆ, ಕಾವಲಿನವನೊಡನೆ ಸಂಬಂಧವುಂಟು. ಒಳಗಿನದಕ್ಕೆ ಪ್ರೇಕ್ಷಕನೊಡನೆ ಮಾತ್ರ. ಸಂಬಂಧವಿಲ್ಲದ ಪ್ರಾಣಿ ಸುಲಭವಾಗಿ ಚೆಲುವಾಗಿ ಕಾಣುತ್ತದೆ. ಈ ಬಗೆಯ ಕಥನದ ಮೂಲದೋಷವು ಇದೇ ಎಂದು ನಮಗೆ ತೋರುತ್ತದೆ.

ಗಾಜಿನ ಮರೆಯಿದ್ದರೆ ಸಾಕೆಂಬ ನೆಮ್ಮದಿಯೂ ಪರೀಕ್ಷೆಗೆ ನಿಲ್ಲಲಿಲ್ಲ. 2021ರ ಮೇ ತಿಂಗಳಿನಲ್ಲಿ ಹೈದರಾಬಾದಿನ ನೆಹರೂ ಮೃಗಾಲಯದ 8 ಸಿಂಹಗಳಿಗೆ ಕೋವಿಡ್ ತಗುಲಿತು. ಮನುಷ್ಯನು ಮೃಗಕ್ಕೆ ಅಂಜಿ ಕಟ್ಟಿದ ಬೇಲಿಯನ್ನು ಮನುಷ್ಯರ ನಡುವೆ ಹಬ್ಬಿದ ರೋಗವು ದಾಟಿತು. ನೋಡುವವನು ಬೇರೆ, ನೋಡಿಸಿಕೊಳ್ಳುವುದು ಬೇರೆ ಎಂಬ ಭಾವನೆಯ ಮೇಲೆ ನಿಂತ ಕಥನಕ್ಕೆ ಇದಕ್ಕಿಂತ ಬಲವಾದ ಆಕ್ಷೇಪ ಬೇಕಾಗಿಲ್ಲ.

ಮೃಗಾಲಯಗಳು ಬೇಡವೆಂಬುದು ನಮ್ಮ ವಾದವಲ್ಲ. ಗಾಯಗೊಂಡ, ತಾಯಿಯಿಂದಗಲಿದ ಪ್ರಾಣಿಗಳಿಗೆ ಅವು ಆಶ್ರಯವಾಗಿರುವುದುಂಟು. ಮಕ್ಕಳಿಗೆ ಮೃಗಪರಿಚಯದ ಮೊದಲ ಪಾಠವೂ ಅಲ್ಲಿಯೇ. ನಮ್ಮ ಆಕ್ಷೇಪ ಕಥನದ ದೃಷ್ಟಿಯನ್ನು ಕುರಿತದ್ದು. ಸಂಸ್ಕೃತದಲ್ಲಿ ‘ಮೃಗ’ ಶಬ್ದಕ್ಕೆ ಅರಸುವುದು ಎಂಬರ್ಥದ ಧಾತುವನ್ನು ಹೇಳುತ್ತಾರೆ; ಅರಬ್ಬಿ ಮೂಲದಿಂದ ಸ್ವಾಹಿಲಿಯ ಮೂಲಕ ಬಂದ ‘ಸಫಾರಿ’ಗೂ ಪ್ರಯಾಣವೆಂದೇ ಅರ್ಥ. ಎರಡು ಶಬ್ದಗಳೂ ದಾರಿಯನ್ನೇ ನೆನಪಿಸುತ್ತವೆ. ಪ್ರವಾಸಲೇಖಕನು ಕಮಲಾಪುರದ ಹುಲಿಯನ್ನು ಧಾರಾಳವಾಗಿ ವರ್ಣಿಸಲಿ. ಅದಕ್ಕೆ ಮೊದಲು ರೋಣದ ಹೊಲದಂಚಿನಲ್ಲಿ ಗಾಡಿ ನಿಲ್ಲಿಸಿ, ಚಿಗರಿಯನ್ನೂ ಕಾವಲಿರುವ ರೈತನನ್ನೂ ಒಂದೇ ವಾಕ್ಯದಲ್ಲಿ ತರಬಲ್ಲನಾದರೆ, ಅವನ ಬರಹವು ದುರ್ಗಸಿಂಹನ ನಾಡಿಗೆ ತಕ್ಕುದಾದೀತು.