ರೇಷ್ಮೆ-ಬಿದಿರಿನ ಮೇಳವೂ ಪಾಠಭೇದವೂ

ಪ್ರಾಚೀನ ಕೃತಿಗಳನ್ನು ಶೋಧಿಸುವವರಿಗೆ ಪಾಠಭೇದವೆಂಬುದು ನಿತ್ಯದ ತೊಡಕು. ಹತ್ತು ಓಲೆಯ ಪ್ರತಿಗಳಲ್ಲಿ ಹತ್ತು ಬಗೆಯಾಗಿರುವ ಒಂದು ಪದ್ಯವನ್ನು ಮುಂದಿಟ್ಟುಕೊಂಡು, ಇವುಗಳಲ್ಲಿ ಕವಿಯು ಬರೆದುದು ಯಾವುದೆಂದು ಸಂಪಾದಕನು ವಿಚಾರಿಸುತ್ತಾನೆ. ಒಂದನ್ನು ಮೇಲಿರಿಸಿ, ಉಳಿದವುಗಳನ್ನು ಅಡಿಟಿಪ್ಪಣಿಗೆ ಇಳಿಸುತ್ತಾನೆ. ಮೂಲವು ಒಂದೇ, ಭೇದಗಳು ಕಾಲದೋಷದಿಂದಲೋ ಲಿಪಿಕಾರರ ಪ್ರಮಾದದಿಂದಲೋ ಉಂಟಾದುವು ಎಂಬ ನಂಬಿಕೆಯೇ ಈ ಕ್ರಮಕ್ಕೆ ಆಧಾರವಾಗಿದೆ. ಆದರೆ ಪಾಠಭೇದಗಳೆಲ್ಲವೂ ಏಕಕಾಲದಲ್ಲಿ ಕೂಡಿ ಕೇಳಿಸಿದ ಹೊರತು ಕೃತಿಯೇ ಸಿದ್ಧಿಸದಂಥ ಕಲೆಯೊಂದು ಚೀನದೇಶದಲ್ಲಿ ಉಂಟು. ಜಿಯಾಂಗ್ನಾನ್ ಸಿಜು ಎಂಬುದು ಅದರ ಹೆಸರು. ಈ ಸಂಗೀತವನ್ನು ಯಾವ ಅಳತೆಯಿಂದ ಅಳೆಯತಕ್ಕದ್ದು, ಆ ಅಳತೆಯು ತಪ್ಪಿದರೆ ಕಳೆದುಹೋಗತಕ್ಕದ್ದೇನು ಎಂಬುದು ಇಲ್ಲಿನ ವಿಚಾರ.

ಯಾಂಗ್‌ತ್ಸೆ ನದಿಯ ಕೆಳಹರಿವಿಗೆ ದಕ್ಷಿಣದಲ್ಲಿರುವ ಸೀಮೆಯೇ ಜಿಯಾಂಗ್ನಾನ್; ನದಿಯ ತೆಂಕಣ ನಾಡು ಎಂದೇ ಆ ಮಾತಿನ ಅರ್ಥ. ಷಾಂಘೈ ನಗರವೂ, ಜಿಯಾಂಗ್‌ಸು ಪ್ರಾಂತದ ದಕ್ಷಿಣ ಭಾಗವೂ, ಜೆಜಿಯಾಂಗ್ ಪ್ರಾಂತದ ಉತ್ತರ ಭಾಗವೂ ಈ ಸೀಮೆಗೆ ಸೇರಿದುವು. ಸಿ ಎಂದರೆ ರೇಷ್ಮೆ; ಜು ಎಂದರೆ ಬಿದಿರು. ಚೀನದ ಪ್ರಾಚೀನರು ವಾದ್ಯಗಳನ್ನು ಅವುಗಳ ದ್ರವ್ಯಕ್ಕೆ ಅನುಸಾರವಾಗಿ ಲೋಹ, ಕಲ್ಲು, ರೇಷ್ಮೆ, ಬಿದಿರು, ಸೋರೆ, ಮಣ್ಣು, ತೊಗಲು, ಮರ ಎಂದು ಎಂಟು ವರ್ಗಗಳಾಗಿ ವಿಂಗಡಿಸಿದ್ದರು. ತಂತಿಗಳನ್ನು ರೇಷ್ಮೆಯ ಎಳೆಗಳಿಂದ ಹೊಸೆಯುತ್ತಿದ್ದುದರಿಂದ ತಂತೀವಾದ್ಯಗಳು ರೇಷ್ಮೆಯ ವರ್ಗಕ್ಕೂ, ಕೊಳಲುಗಳು ಬಿದಿರಿನ ವರ್ಗಕ್ಕೂ ಸಂದುವು. 20ನೆಯ ಶತಮಾನದಲ್ಲಿ ಲೋಹದ ತಂತಿಗಳು ರೇಷ್ಮೆಯ ಸ್ಥಾನವನ್ನು ಆಕ್ರಮಿಸಿದುವಾದರೂ ಹೆಸರು ಹಾಗೆಯೇ ಉಳಿದಿದೆ.

ಮೇಳವು ಚಿಕ್ಕದು. ಕಮಾನಿನಿಂದ ನುಡಿಸುವ ಎರಡು ತಂತಿಗಳ ಎರ್ಹು, ಬೆರಳುಗಳಿಂದ ಮೀಟುವ ನಾಲ್ಕು ತಂತಿಗಳ ಪೀಪಾ, ಮೂರು ತಂತಿಗಳ ಸಾನ್‌ಷ್ಯನ್, ಬಿದಿರಿನ ಎರಡು ಸಣ್ಣ ಕಡ್ಡಿಗಳಿಂದ ಬಡಿದು ನುಡಿಸುವ ಯಾಂಗ್‌ಚಿನ್, ಅಡ್ಡ ಹಿಡಿದು ಊದುವ ದೀಜಿ, ನೆಟ್ಟಗೆ ಹಿಡಿದು ಊದುವ ಮೆಲುದನಿಯ ಷ್ಯಾವ್, ಬಿದಿರಿನ ಅನೇಕ ನಳಿಗೆಗಳನ್ನು ಒಂದು ಬುಡದಲ್ಲಿ ನಿಲ್ಲಿಸಿದ ಷೆಂಗ್, ಇವುಗಳ ಜೊತೆಗೆ ಲಯವನ್ನು ತೋರಿಸುವುದಕ್ಕೆ ಒಂದು ಸಣ್ಣ ಮದ್ದಳೆ ಮತ್ತು ಮರದ ಚಿಟಿಕೆ: ಇಷ್ಟೇ ಇದರ ಪರಿವಾರ. ಸಾಮಾನ್ಯವಾಗಿ ಒಂದೊಂದು ವಾದ್ಯಕ್ಕೆ ಒಬ್ಬೊಬ್ಬನೇ ವಾದಕನು. ಆದಕಾರಣ ಒಬ್ಬನ ಧ್ವನಿಯು ಮತ್ತೊಬ್ಬನ ಧ್ವನಿಯಲ್ಲಿ ಅಡಗಿಹೋಗುವ ಸಂಭವವಿಲ್ಲ. ಪ್ರತಿಯೊಬ್ಬನೂ ತಾನು ನುಡಿಸಿದ ಪ್ರತಿಯೊಂದು ಸ್ವರಕ್ಕೂ ಹೊಣೆಗಾರನು.

ಈ ಸಂಪ್ರದಾಯದಲ್ಲಿ ಎಂಟು ಕೃತಿಗಳು ಪ್ರಧಾನವೆಂದು ಎಣಿಕೆಗೊಂಡಿವೆ. ಅವುಗಳಲ್ಲಿ ಜೊಂಗ್‌ಹ್ವಾ ಲ್ಯುಬಾನ್, ಮಾನ್ ಲ್ಯುಬಾನ್ ಎಂಬ ಎರಡೂ ಲಾವ್ ಲ್ಯುಬಾನ್ ಎಂಬ ಒಂದೇ ಪುಟ್ಟ ಮಟ್ಟಿನಿಂದ ಹುಟ್ಟಿದುವು. ಲಾವ್ ಲ್ಯುಬಾನ್ ಮಕ್ಕಳೂ ಕಲಿಯಬಹುದಾದಷ್ಟು ಸರಳವಾದ ಮಟ್ಟು. ಅದರ ನಡೆಯನ್ನು ನಿಧಾನಗೊಳಿಸಿ, ಒಂದು ಸ್ವರಕ್ಕೂ ಮತ್ತೊಂದು ಸ್ವರಕ್ಕೂ ನಡುವೆ ತೆರವಾದ ಎಡೆಯಲ್ಲಿ ಹೊಸ ಸ್ವರಗಳನ್ನು ತುಂಬುವರು. ಇದಕ್ಕೆ ಹೂ ಸೇರಿಸುವುದು ಎಂದು ಅವರ ಪರಿಭಾಷೆ. ಹೀಗೆ ನಾಲ್ಕು ಮಡಿ ಹಿಗ್ಗಿದ ರೂಪವು ಜೊಂಗ್‌ಹ್ವಾ ಲ್ಯುಬಾನ್, ಎಂದರೆ ನಡುವಣ ಹೂಗಳ ಲ್ಯುಬಾನ್. ಅದಕ್ಕಿಂತಲೂ ವಿಸ್ತಾರವಾದುದು ಮಾನ್ ಲ್ಯುಬಾನ್, ವಿಳಂಬದ ಲ್ಯುಬಾನ್. ಹಿಗ್ಗಿದ ರೂಪವನ್ನು ಮಾತ್ರ ಕೇಳಿದವನಿಗೆ ಅದರೊಳಗೆ ಆ ಪುಟ್ಟ ಮಟ್ಟು ಅಡಗಿದೆಯೆಂದು ಹೊಳೆಯುವುದು ಕಷ್ಟ. ಕರ್ಣಾಟಕ ಸಂಗೀತದಲ್ಲಿ ಪಲ್ಲವಿಯ ಒಂದು ಸಾಲಿಗೆ ಸಂಗತಿಗಳು ಬೆಳೆಯುತ್ತಾ ಹೋಗುವುದನ್ನು ಬಲ್ಲವರಿಗೆ ಈ ವಿಧಾನವು ತೀರ ಅಪರಿಚಿತವಾಗಿ ತೋರದು. ಭೇದವೇನೆಂದರೆ, ಅಲ್ಲಿ ಕಾಲವು ಬದಲಾಗದೆ ಸಾಲು ಸಮೃದ್ಧವಾಗುತ್ತದೆ. ಇಲ್ಲಿ ಕಾಲವೇ ಹಿಗ್ಗಿ ಸಮೃದ್ಧಿಗೆ ಎಡೆಮಾಡಿಕೊಡುತ್ತದೆ.

ಮೂಲವೂ ಅದರ ನಾಲ್ಕು ವಿಸ್ತಾರಗಳೂ ಸೇರಿ ಐದು ರೂಪಗಳಾಗುತ್ತವೆ. ಐದನ್ನೂ ಒಟ್ಟುಗೂಡಿಸಿ ನುಡಿಸುವುದಕ್ಕೆ ಒಂದೇ ಮನೆಯಲ್ಲಿ ಐದು ತಲೆಮಾರು ಎಂಬರ್ಥದ ಹೆಸರಿದೆ. ಇದರಲ್ಲಿ ಗಮನಿಸತಕ್ಕ ಅಂಶವೊಂದುಂಟು. ವಾದನವು ಅತಿ ವಿಳಂಬವಾದ ರೂಪದಿಂದ ಆರಂಭವಾಗಿ, ಬರಬರುತ್ತ ಶೀಘ್ರವೂ ಸರಳವೂ ಆಗುತ್ತ, ಕೊನೆಗೆ ಲಾವ್ ಲ್ಯುಬಾನಿನಲ್ಲಿ ನಿಲ್ಲುತ್ತದೆ. ಮರಿಮಗನು ಮೊದಲು ಬರುತ್ತಾನೆ; ಮುತ್ತಜ್ಜನು ಕಡೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ಮೂಲವೆಂಬುದು ಇಲ್ಲಿ ಮೊದಲೇ ಕೊಟ್ಟ ಪ್ರಮಾಣವಲ್ಲ, ಭೇದಗಳ ಮೂಲಕ ನಡೆದುಹೋಗಿ ತಲುಪಬೇಕಾದ ಸ್ಥಾನ.

ಇದು ಕಾಲಕ್ರಮದಲ್ಲಿ ತೋರುವ ಭೇದ. ಒಂದೊಂದು ಕ್ಷಣದಲ್ಲಿಯೂ ತೋರುವ ಭೇದವು ಮತ್ತೊಂದು. ಮೇಳದವರೆಲ್ಲರೂ ನುಡಿಸುವುದು ಒಂದೇ ಮಟ್ಟು. ಆದರೆ ಒಬ್ಬರಂತೆ ಮತ್ತೊಬ್ಬರು ನುಡಿಸುವುದಿಲ್ಲ. ದೀಜಿಯು ಸ್ವರದ ಮೈಮೇಲೆ ಕಂಪನಗಳನ್ನೂ ಚಿಮ್ಮುಗಳನ್ನೂ ಇಡುತ್ತದೆ. ಎರ್ಹು ಸ್ವರಗಳನ್ನು ಜಾರಿಸಿ ಒಂದೇ ಎಳೆಯಾಗಿ ಹೆಣೆಯುತ್ತದೆ. ಪೀಪಾ ಅವುಗಳನ್ನು ಬಿಡಿಬಿಡಿ ಹನಿಗಳಾಗಿ ಉದುರಿಸುತ್ತದೆ. ಯಾಂಗ್‌ಚಿನ್ ಮೇಲಿನ ಕೆಳಗಿನ ಸ್ಥಾಯಿಗಳ ನಡುವೆ ಜಿಗಿಯುತ್ತ ಹರಿಯುತ್ತದೆ. ಷೆಂಗ್ ತನ್ನ ದೀರ್ಘಶ್ವಾಸದಿಂದ ಎಲ್ಲವುಗಳ ಕೆಳಗೆ ನೆಲ ಹಾಸುತ್ತದೆ. ಒಬ್ಬನು ದಟ್ಟವಾಗಿ ನುಡಿಸುವಾಗ ಮತ್ತೊಬ್ಬನು ವಿರಳವಾಗಿ ನುಡಿಸಬೇಕು. ಒಬ್ಬನು ಮೇಲಿನ ಸ್ಥಾಯಿಗೆ ಹೋದರೆ ಮತ್ತೊಬ್ಬನು ಕೆಳಗಿಳಿಯಬೇಕು ಎಂಬುದು ವಾದಕರಲ್ಲಿ ರೂಢಿಯಾದ ನೀತಿ. ಎಡೆಗೊಡುವುದೇ ಈ ಕಲೆಯ ಜೀವಾಳವೆಂದರೆ ತಪ್ಪಾಗದು.

ಈ ಸಂಗೀತದ ವಿಷಯದಲ್ಲಿ ಎರಡು ತಪ್ಪು ಗ್ರಹಿಕೆಗಳಿಗೆ ಅವಕಾಶವುಂಟು. ಪಾಶ್ಚಾತ್ಯ ಸಂಗೀತದಲ್ಲಿರುವಂಥ ಸ್ವರಮೈತ್ರಿಯ ಶಾಸ್ತ್ರವು ಇಲ್ಲಿ ಇಲ್ಲದಿರುವುದರಿಂದ ಇದು ಆ ಮೆಟ್ಟಿಲಿಗೆ ಇನ್ನೂ ಏರದ ಕಲೆಯೆಂದು ಎಣಿಸುವುದು ಮೊದಲನೆಯದು. ಇದು ನಿಲ್ಲತಕ್ಕ ಮಾತಲ್ಲ. ಏಳೆಂಟು ಮಂದಿ ಒಂದೇ ದಾರಿಯಲ್ಲಿ ಏಳೆಂಟು ಬಗೆಯಾಗಿ ನಡೆದು, ಮುಖ್ಯವಾದ ಪೆಟ್ಟುಗಳಲ್ಲಿ ಒಂದುಗೂಡಿ, ನಡುವೆ ಬೇರೆಯಾಗಿ, ಮತ್ತೆ ಒಂದುಗೂಡುವ ಕ್ರಮವು ಸ್ವರಮೈತ್ರಿಯ ಕೊರತೆಯಲ್ಲ. ಬೇರೊಂದು ಬಗೆಯ ಪೂರ್ಣತೆ. ಇದು ಕೇವಲ ಮನೋಧರ್ಮದ ಸಂಗೀತವೆಂದು ಹೊಗಳುವುದು ಎರಡನೆಯದು. ಇದೂ ಸಲ್ಲದು. ವಾದಕನು ಮನಸ್ಸಿಗೆ ಬಂದುದನ್ನು ಹುಟ್ಟಿಸುವುದಿಲ್ಲ. ತನ್ನ ವಾದ್ಯಕ್ಕೆ ಸಲ್ಲುವ ಹೂಗಳನ್ನು ವರ್ಷಗಟ್ಟಳೆ ಕಲಿತು, ಆಯಾ ದಿನದ ಜೊತೆಗಾರರಿಗೆ ಹೊಂದುವಂತೆ ಆರಿಸಿಕೊಳ್ಳುತ್ತಾನೆ. ಅವನ ಸ್ವಾತಂತ್ರ್ಯವು ಸೃಷ್ಟಿಯಲ್ಲಿರುವುದಕ್ಕಿಂತ ಹೆಚ್ಚಾಗಿ ವಿವೇಕದಲ್ಲಿದೆ.

ಇಂಥ ವಿವೇಕವು ಎಲ್ಲಿ ಬೆಳೆಯಿತೆಂಬುದನ್ನು ನೋಡಬೇಕು. ಈ ಮೇಳಗಳಲ್ಲಿ ಬಹುಮಂದಿ ಸಂಗೀತವನ್ನೇ ವೃತ್ತಿಯಾಗಿ ಮಾಡಿಕೊಂಡವರಾಗಿರಲಿಲ್ಲ. ವರ್ತಕರೂ ಗುಮಾಸ್ತರೂ ಕೆಲಸಗಾರರೂ ಸಂಘಗಳನ್ನು ಕಟ್ಟಿಕೊಂಡು, ಹಣಕ್ಕಲ್ಲದೆ ಸಂತೋಷಕ್ಕಾಗಿ ಕೂಡುತ್ತಿದ್ದರು. ಷಾಂಘೈಯ ಹಳೆಯ ನಗರದಲ್ಲಿ, ಅಂಕುಡೊಂಕಾದ ಸೇತುವೆಯ ಕೊನೆಗೆ ಕೊಳದ ನಡುವೆ ನಿಂತಿರುವ ಹೂಷಿನ್‌ತಿಂಗ್ ಎಂಬ ಚಹದ ಮಂಟಪದಲ್ಲಿ 20ನೆಯ ಶತಮಾನದ ಕೊನೆಯ ಭಾಗದಲ್ಲಿ ಸೋಮವಾರದ ಅಪರಾಹ್ನಗಳಂದು ಇಂಥ ಕೂಟವು ಸೇರುತ್ತಿತ್ತು. ವಾದಕರು ಶ್ರೋತೃಗಳಿಗೆ ಮುಖಮಾಡಿ ಕುಳಿತುಕೊಳ್ಳದೆ ಒಂದು ಮೇಜಿನ ಸುತ್ತ ಕುಳಿತು ಪರಸ್ಪರ ಆಲಿಸುವುದು ಹಳೆಯ ಪದ್ಧತಿ. ಒಂದು ಕೃತಿಯು ಮುಗಿದ ಬಳಿಕ ಒಬ್ಬನು ಎದ್ದು ತನ್ನ ವಾದ್ಯವನ್ನು ಮತ್ತೊಬ್ಬನಿಗೆ ಬಿಟ್ಟುಕೊಡುವನು; ಹಿರಿಯರು ಬಂದರೆ ಕಿರಿಯರು ಸ್ಥಳ ಮಾಡಿಕೊಡುವರು. ನಾದದಲ್ಲಿ ಎಡೆಗೊಡುವ ನೀತಿಯೂ ಪೀಠದಲ್ಲಿ ಎಡೆಗೊಡುವ ನೀತಿಯೂ ಒಂದೇ ಶೀಲದ ಎರಡು ಮುಖಗಳು.

1941ರಲ್ಲಿ ಷಾಂಘೈಯಲ್ಲಿ ರಾಷ್ಟ್ರೀಯ ಸಂಗೀತ ಸಂಶೋಧನ ಸಂಘವನ್ನು ಸ್ಥಾಪಿಸಿದ, ಷ್ಯಾವ್ ಮತ್ತು ಪೀಪಾಗಳಲ್ಲಿ ಪರಿಣತರಾಗಿದ್ದ ಸುನ್ ಯುದೆಯವರು (1904–1981) ಇಂಥ ಕೂಟಗಳ ಪರಂಪರೆಗೆ ಸೇರಿದವರು. ದೀಜಿಯ ಲು ಚುನ್‌ಲಿಂಗ್ ಅವರು (1921–2018) ಬಡತನದಲ್ಲಿ ಹುಟ್ಟಿ, ಬಾಲ್ಯದಲ್ಲಿ ನೆರೆಯ ಜೋಡು ಹೊಲಿಯುವವರೊಬ್ಬರಿಂದ ಕೊಳಲನ್ನು ಕಲಿತವರು. ಇವರೂ, ಎರ್ಹುವಿನ ಜೋ ಹಾವ್, ಯಾಂಗ್‌ಚಿನ್ನಿನ ಜೋ ಹ್ವೇ, ಪೀಪಾದ ಮಾ ಷೆಂಗ್‌ಲೊಂಗ್ ಅವರೂ ಕೂಡಿ ನುಡಿಸಿದ ವಾದನಗಳನ್ನು ಈ ಶೈಲಿಯ ಮಾದರಿಗಳೆಂದು ಎಣಿಸುವರು. ಅವುಗಳಲ್ಲಿ ಲು ಅವರ ದೀಜಿಯು ಅಲಂಕಾರಗಳಿಂದ ಎಷ್ಟೇ ತುಂಬಿದ್ದರೂ ಎರ್ಹುವಿನ ಎಳೆಯನ್ನು ಎಲ್ಲಿಯೂ ಮುಚ್ಚುವುದಿಲ್ಲ. ಇವರ ಹಿರಿಮೆಯು ಕೈಚಳಕದಲ್ಲಿರುವುದಕ್ಕಿಂತ ಈ ಸಂಯಮದಲ್ಲಿಯೇ ಹೆಚ್ಚಾಗಿದೆ.

ಇನ್ನು ಕೃತಿಗೆ ಸ್ಥಿರಪಾಠವನ್ನು ಕೊಡುವ ಪ್ರಯತ್ನದ ವಿಚಾರ. 1920ರಲ್ಲಿ ಜೆಂಗ್ ಜಿನ್‌ವೆನ್ ಅವರು (1872–1935) ಷಾಂಘೈಯಲ್ಲಿ ದಾತೊಂಗ್ ಸಂಗೀತ ಸಂಘವನ್ನು ಸ್ಥಾಪಿಸಿದರು. 1925ರ ವೇಳೆಗೆ ಅವರೂ ಲ್ಯು ಯಾವ್‌ಜಾಂಗ್ ಅವರೂ ಸೇರಿ, ಪೀಪಾದ ಏಕವಾದನಕ್ಕಾಗಿ ಇದ್ದ ಹಳೆಯ ಕೃತಿಯೊಂದನ್ನು ಮೇಳಕ್ಕೆ ಅಳವಡಿಸಿದರು. ವಸಂತದ ನದಿಯ ಮೇಲಣ ಹೂವು-ಬೆಳದಿಂಗಳ ರಾತ್ರಿ ಎಂಬರ್ಥದ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಇದರಲ್ಲಿ ಯಾವ ವಾದ್ಯವು ಎಲ್ಲಿ ಮುಂದೆ ಬರಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಸಂಯೋಜಕರು ಮೊದಲೇ ನಿರ್ಣಯಿಸಿದರು. 1952ರಲ್ಲಿ ಸ್ಥಾಪಿತವಾದ ಷಾಂಘೈ ರಾಷ್ಟ್ರೀಯ ವಾದ್ಯವೃಂದವೂ ಸಂಗೀತ ವಿದ್ಯಾಲಯಗಳೂ ಬರೆದ ಸ್ವರಲಿಪಿಯ ಈ ಮಾರ್ಗವನ್ನೇ ಮುಂದುವರಿಸಿದುವು. ಇದರಿಂದಾದ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ. 1966ರಿಂದ 1976ರ ವರೆಗಿನ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಕೂಟಗಳು ಚೆದರಿಹೋದಾಗ, ಬರೆದಿಟ್ಟ ಪಾಠಗಳಿಲ್ಲದಿದ್ದರೆ ಎಷ್ಟೋ ಅಂಶಗಳು ಸ್ಮೃತಿಯಿಂದ ಅಳಿದುಹೋಗಬಹುದಾಗಿತ್ತು.

ಆದರೂ ನಷ್ಟವಿಲ್ಲದೆ ಇಲ್ಲ. ಮೇಲೆ ಹೇಳಿದ ಸಂಪಾದಕನು ಒಂದು ಪಾಠವನ್ನು ಮೇಲಿರಿಸಿದಾಗ ಉಳಿದವು ಅಡಿಟಿಪ್ಪಣಿಯಲ್ಲಾದರೂ ಬದುಕಿರುತ್ತವೆ. ಇಲ್ಲಿಯಾದರೋ, ಒಂದು ದಿನದ ಎಡೆಗೊಡುವಿಕೆಯನ್ನು ಎಲ್ಲ ದಿನಗಳಿಗೂ ವಿಧಿಯಾಗಿ ಬರೆದೊಡನೆ ಎಡೆಗೊಡುವಿಕೆಯೇ ನಿಂತುಹೋಗುತ್ತದೆ. ವಾದಕನು ನೆರೆಯವನನ್ನು ಆಲಿಸದೆ ಲಿಪಿಯನ್ನು ನೋಡುತ್ತಾನೆ. ದಟ್ಟವೂ ವಿರಳವೂ ಯಥಾಸ್ಥಾನದಲ್ಲಿ ಬರುತ್ತವೆ. ನಾದದಲ್ಲಿ ಕುಂದು ತೋರದು. ಆದರೆ ಒಬ್ಬನು ಮತ್ತೊಬ್ಬನಿಗಾಗಿ ತನ್ನ ಸ್ವರವನ್ನು ಬಿಟ್ಟುಕೊಟ್ಟನೆಂಬುದು ಅಲ್ಲಿ ಸುಳ್ಳಾಗುತ್ತದೆ. ರೂಪವು ಉಳಿದು ಕ್ರಿಯೆಯು ಹೋಗುತ್ತದೆ. 2006ರಲ್ಲಿ ಚೀನದ ಸರ್ಕಾರವು ಈ ಸಂಗೀತವನ್ನು ರಾಷ್ಟ್ರದ ಅಮೂರ್ತ ಪರಂಪರೆಯ ಮೊದಲ ಪಟ್ಟಿಯಲ್ಲಿ ಸೇರಿಸಿತು. ಪಟ್ಟಿಯಿಂದ ಕೃತಿಗಳಿಗೆ ರಕ್ಷಣೆಯುಂಟಾಗಬಹುದು. ಮೇಜಿನ ಸುತ್ತಣ ಶೀಲವನ್ನು ಮೇಜಿನ ಸುತ್ತ ಕುಳಿತವರೇ ಉಳಿಸಿಕೊಳ್ಳಬೇಕಾಗುತ್ತದೆ.

ಆದುದರಿಂದ ಜಿಯಾಂಗ್ನಾನ್ ಸಿಜುವನ್ನು ಕುರಿತು ವಿಮರ್ಶಕನು ಕೇಳತಕ್ಕ ಪ್ರಶ್ನೆಯು ಶುದ್ಧಪಾಠವು ಯಾವುದು ಎಂಬುದಲ್ಲ. ಒಂದೇ ಮೇಳವು ಜೊಂಗ್‌ಹ್ವಾ ಲ್ಯುಬಾನನ್ನು ಎರಡು ದಿನ ನುಡಿಸಿದರೆ ಎರಡನೆಯ ದಿನದ ವಾದನವು ಮೊದಲನೆಯ ದಿನದ್ದಕ್ಕಿಂತ ಎಲ್ಲಿ ಬೇರೆಯಾಯಿತು, ಯಾರಿಗಾಗಿ ಬೇರೆಯಾಯಿತು ಎಂಬುದೇ ಅವನು ಕೇಳತಕ್ಕದ್ದು. ಉತ್ತರವು ದೊರೆತಲ್ಲಿ ಸಂಪ್ರದಾಯವು ಜೀವಂತವಾಗಿದೆಯೆಂದು ತಿಳಿಯಬೇಕು. ಎರಡು ದಿನವೂ ಒಂದೇ ಆಗಿದ್ದರೆ, ಎಷ್ಟೇ ಇಂಪಾಗಿದ್ದರೂ, ಅಲ್ಲಿರುವುದು ಅದರ ಪ್ರತಿ ಮಾತ್ರ.