ರಕ್ತದ ಲೆಕ್ಕ, ಕಾಲಿನ ಲೆಕ್ಕ

ಉರ್ದುವಿನಲ್ಲಿ ಅದು ಫೀಲ್‌ಪಾ, ಕನ್ನಡದಲ್ಲಿ ಆನೆಕಾಲು. ಎರಡು ಭಾಷೆಗಳೂ ಊದಿದ ಕಾಲನ್ನೇ ರೋಗದ ಹೆಸರಾಗಿಸಿವೆ. ಪೆಸಿಫಿಕ್ ದ್ವೀಪಗಳಲ್ಲಿ ಈ ರೋಗವನ್ನು ತೊಲಗಿಸುವ ಕಾರ್ಯಕ್ರಮ ಮಾತ್ರ ಲೆಕ್ಕ ಹಾಕುವುದು ಕಾಲಿನಿಂದಲ್ಲ, ರಕ್ತದಿಂದ. ಅದೂ ಆರೇಳು ವರ್ಷದ ಶಾಲಾ ಮಕ್ಕಳ ರಕ್ತದಿಂದ. ನಮ್ಮ ತಕರಾರು ಇರುವುದು ಇಲ್ಲಿಯೇ.

ಮೊದಲು ಶ್ರೇಯಸ್ಸಿನ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಮುಂದಾಳತ್ವದಲ್ಲಿ 1999ರಲ್ಲಿ ಆರಂಭವಾದ 'ಪ್ಯಾಸೆಲ್ಫ್' ಕಾರ್ಯಕ್ರಮ 22 ದ್ವೀಪ ದೇಶ ಮತ್ತು ಪ್ರಾಂತ್ಯಗಳನ್ನು ಒಂದುಗೂಡಿಸಿತು. ಫೈಲೇರಿಯಾದ ದೊಡ್ಡ ಹುಳು ಮನುಷ್ಯನ ದೇಹದಲ್ಲಿ ಐದಾರು ವರ್ಷ ಬದುಕಬಲ್ಲದು. ಆದ್ದರಿಂದ ಡಿಇಸಿ, ಅಲ್ಬೆಂಡಜೋಲ್ ಮಾತ್ರೆಗಳನ್ನು ವರ್ಷಕ್ಕೊಮ್ಮೆ, ಕನಿಷ್ಠ ಐದು ವರ್ಷ, ರೋಗವಿರಲಿ ಇಲ್ಲದಿರಲಿ ಊರಿಗೆ ಊರೇ ನುಂಗಬೇಕು. ಚದುರಿದ ಪುಟ್ಟ ದ್ವೀಪಗಳು ಒಂಟಿಯಾಗಿ ಮಾಡುವ ಕೆಲಸವೇ ಇದು? 2016ರಲ್ಲಿ ಕುಕ್ ದ್ವೀಪಗಳು ಮತ್ತು ವನುವಾಟು, 2017ರಲ್ಲಿ ಟೋಂಗಾ ಗೆದ್ದವು.

ಆದರೆ ಸಮೋವಾದ ಕಥೆ ನೋಡಿ. ಒಂದೇ ಜನ, ಒಂದೇ ಮಾತು. ಆಡಳಿತ ಮಾತ್ರ ಎರಡು. ಸ್ವತಂತ್ರ ಸಮೋವಾ ಒಂದು, ಅಮೆರಿಕದ ಕೈಯಲ್ಲಿರುವ ಸಮೋವಾ ಇನ್ನೊಂದು. ಬಂಧುಬಳಗ, ದುಡಿಮೆ ಎಂದು ಜನ ಅತ್ತಿಂದಿತ್ತ ಓಡಾಡುತ್ತಲೇ ಇರುತ್ತಾರೆ. ಅಮೆರಿಕನ್ ಸಮೋವಾ 2000ರಿಂದ 2006ರವರೆಗೆ ಮಾತ್ರೆ ಹಂಚಿ ನಿಲ್ಲಿಸಿತು. 2011 ಮತ್ತು 2015ರಲ್ಲಿ ಮಕ್ಕಳ ಪರೀಕ್ಷೆ ಪಾಸಾಯಿತು. 2016ರಲ್ಲಿ ಫೇಲ್! ಅಷ್ಟೂ ಕಾಲ ಹುಳು ಅಡಗಿದ್ದು ದೊಡ್ಡವರಲ್ಲಿ, ಹೆಚ್ಚಾಗಿ ಗಂಡಸರಲ್ಲಿ. ನೆರೆಯ ಸಮೋವಾದಲ್ಲೂ ರೋಗ ಹೋಗಿರಲಿಲ್ಲ. ಕೊನೆಗೆ 2018ರಲ್ಲಿ ಐವರ್ಮೆಕ್ಟಿನ್ ಸೇರಿಸಿದ ಮೂರು ಔಷಧಿಗಳನ್ನು ಎರಡೂ ಕಡೆ ಕೊಡಬೇಕಾಯಿತು. ಔಷಧಿ ಹಂಚುವಾಗ ಇದ್ದ ಒಗ್ಗಟ್ಟು, ನಿಲ್ಲಿಸುವಾಗ ಪ್ರತಿ ಆಡಳಿತದ ಗಡಿಯಲ್ಲೇ ಮುಗಿದುಹೋಯಿತು ಎಂದೇ ನಾವು ಓದುತ್ತೇವೆ.

ಅಲ್ಲಿನ ಸೊಳ್ಳೆಯೂ ನಮ್ಮ ಚರಂಡಿ ಸೊಳ್ಳೆಯಂತಲ್ಲ. ಹಗಲಲ್ಲೇ ಕಚ್ಚುತ್ತದೆ, ತೆಂಗಿನ ಚಿಪ್ಪು, ಮರದ ಪೊಟರೆ, ಏಡಿಯ ಬಿಲದ ನೀರಲ್ಲಿ ಹುಟ್ಟುತ್ತದೆ. ಹಾಗಾಗಿ ರಾತ್ರಿಯ ಸೊಳ್ಳೆಪರದೆಯ ಮೇಲೆ ಹೆಚ್ಚು ಭಾರ ಹಾಕುವಂತಿಲ್ಲ.

ಇನ್ನು ಕಾಲು. ಮಾತ್ರೆಯಿಂದ ರೋಗ ಹರಡುವುದು ನಿಂತೀತು, ಬಲಿತ ಬಾವು ಇಳಿಯದು. ಸೋಪು ಹಾಕಿ ತೊಳೆದು, ಬೆರಳುಸಂದಿ ಒಣಗಿಸಿ, ಕಾಲು ಎತ್ತರಿಸಿ ಇಡಬೇಕು, ದಿನವೂ, ಬದುಕಿರುವವರೆಗೂ. ಇಂಥವರ ಆರೈಕೆಗೆ ಏರ್ಪಾಡಿದೆಯೆಂದು ತೋರಿಸದೆ ಯಾವ ದೇಶಕ್ಕೂ ರೋಗಮುಕ್ತಿಯ ಮನ್ನಣೆ ಸಿಗದು ಎಂಬ ನಿಯಮವೇನೋ ಇದೆ. ಆದರೆ ಮನ್ನಣೆ ಸಿಕ್ಕಿ ಹತ್ತು ವರ್ಷವಾದ ಮೇಲೆ, ಯಾವುದೋ ಹೊರ ದ್ವೀಪದ ಮುದುಕಿಯ ಕಾಲು ನೋಡಲು ಯಾರು ದೋಣಿ ಹತ್ತುತ್ತಾರೆ?