ಯುಗಾದಿ ರಜೆಗೆ ಮೂರು ಪುಸ್ತಕಗಳು

ಯುಗಾದಿ ಬಂತೆಂದರೆ ಬೇಸಿಗೆ ರಜೆ ದೂರವಿಲ್ಲ. 'ಮಕ್ಕಳಿಗೆ ಓದಲು ಏನು ಕೊಡೋಣ?' ಎಂದು ಶಿಕ್ಷಕರು ಕೇಳುತ್ತಾರೆ. ಉತ್ತರವಾಗಿ ಹೆಚ್ಚಾಗಿ ಸಿಗುವುದು ರಸಪ್ರಶ್ನೆ ಪುಸ್ತಕಗಳ ಪಟ್ಟಿ. ಅವು ನೆನಪಿಗೆ ಕೆಲಸ ಕೊಡುತ್ತವೆ. ಕಣ್ಣಿಗೆ, ಕೈಗೆ ಕೊಡುವುದಿಲ್ಲ. ಓದಿದ್ದನ್ನು ನಮ್ಮ ಊರಿನಲ್ಲೇ ಪರೀಕ್ಷಿಸಬಹುದೆ? ಈ ಒಂದು ಅಳತೆಗೋಲಿನಿಂದ ಮೂರು ಹಳೆಯ ಕನ್ನಡ ಪುಸ್ತಕಗಳನ್ನು ನೋಡೋಣ.

ಮೊದಲನೆಯದು ಜಿ.ಟಿ. ನಾರಾಯಣರಾವ್ ಅವರ 'ನಕ್ಷತ್ರ ವೀಕ್ಷಣೆ'. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಯವರಿಗೆ ಇದು ಹೇಳಿ ಮಾಡಿಸಿದಂತಿದೆ. ಕಡಲೆ, ಜೋಳದ ಸುಗ್ಗಿ ಮುಗಿದು ಎರೆಹೊಲ ಬಯಲಾಗಿರುತ್ತದೆ, ದಿಗಂತಕ್ಕೆ ಮರೆಯಿಲ್ಲ. ಯುಗಾದಿ ಬರುವುದು ಅಮಾವಾಸ್ಯೆಯ ಬೆನ್ನಿಗೇ ಆದ್ದರಿಂದ ಮೊದಲ ಕೆಲವು ರಾತ್ರಿ ಬೆಳದಿಂಗಳ ಅಡ್ಡಿಯೂ ಹೆಚ್ಚಿಲ್ಲ. ಎಂಟು ಗಂಟೆಯ ಸುಮಾರಿಗೆ ಸಪ್ತರ್ಷಿಮಂಡಲ ಈಶಾನ್ಯದ ಕಡೆ ಮೇಲೇರಿರುತ್ತದೆ. ಪುಲಹದಿಂದ ಕ್ರತುವಿಗೆ ಎಳೆದ ಗೆರೆಯನ್ನು ಐದು ಪಟ್ಟು ಮುಂದುವರಿಸಿ, ಧ್ರುವ ಸಿಗುತ್ತದೆ. ಚಾಚಿದ ಕೈಯ ಒಂದು ಮುಷ್ಟಿ ಸುಮಾರು 10 ಡಿಗ್ರಿ. ನವಲಗುಂದದಲ್ಲಿ ಧ್ರುವದ ಎತ್ತರ ಒಂದೂವರೆ ಮುಷ್ಟಿ, ಅಂದರೆ ಹೆಚ್ಚು ಕಡಿಮೆ 15.5 ಡಿಗ್ರಿ. ಊರಿನ ಅಕ್ಷಾಂಶವೂ ಅಷ್ಟೇ! ಆದರೆ ಲೇಖಕರ ಸಂಸ್ಕೃತಮಯ ಶೈಲಿ ಪ್ರೌಢಶಾಲೆಯ ಮಕ್ಕಳಿಗೆ ತೊಡಕಾದೀತು. ಶಿಕ್ಷಕರು ಜೊತೆಗೆ ಕುಳಿತು ಓದಬೇಕು.

ಎರಡನೆಯದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥೆಯಲ್ಲಿ ನಗುವೂ ಇದೆ, ಲೇಖಕರೇ ಬಿಡಿಸಿದ ಚಿತ್ರಗಳೂ ಇವೆ. ಆದರೆ ಅದು ಘಟ್ಟದ ಕಾಡು. ಅರೆಮಲೆನಾಡಿನ ಕಲಘಟಗಿಯವರಿಗೆ ಕೆಲವು ಗಿಡಗಳಾದರೂ ಸಿಕ್ಕಾವು, ಬಯಲುಸೀಮೆಯವರಿಗೆ ಕಷ್ಟ. ಅವರು ಗಿಡಗಳನ್ನು ಬಿಟ್ಟು ವಿಧಾನವನ್ನು ತೆಗೆದುಕೊಳ್ಳಲಿ. ಬೇವು-ಬೆಲ್ಲಕ್ಕೆ ತಂದ ಬೇವಿನ ಹೂವನ್ನೇ ಬಿಡಿಸಿ ನೋಡಲಿ: ಐದು ಎಸಳು, ನಡುವೆ ಕೊಳವೆಯಾಗಿ ಕೂಡಿಕೊಂಡ ಹತ್ತು ಕೇಸರ. ವರ್ಷವೂ ತಿನ್ನುವ ಹೂವನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಮೂರನೆಯದು ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ'. ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದ ಸಾಹಸ ದೊಡ್ಡದು. ಆದರೆ ಮಾನವ ಚಂದ್ರನ ಮೇಲೆ ಇಳಿದದ್ದು (1969) ಈ ಸಂಪುಟಗಳು ಬಂದ ಮೇಲೆ. ಪ್ಲೂಟೊ ಗ್ರಹಗಳ ಸಾಲಿನಿಂದ ಹೊರಬಿದ್ದದ್ದು 2006ರಲ್ಲಿ. ಆದ್ದರಿಂದ ಇದನ್ನು ಪೆನ್ಸಿಲ್ ಹಿಡಿದೇ ಓದಬೇಕು. ಯಾವ ಮಾತು ಇಂದಿಗೂ ನಿಂತಿದೆ, ಯಾವುದು ಬದಲಾಗಿದೆ, ಏಕೆ ಎಂದು ಅಂಚಿನಲ್ಲಿ ಗುರುತಿಸಬೇಕು. ಗ್ರಂಥಾಲಯದ ಪ್ರತಿಯಾದರೆ ಬೇರೆ ಹಾಳೆಯಲ್ಲಿ! ಹಳೆಯದೆಂದು ಇದನ್ನು ಮೂಲೆಗೆ ತಳ್ಳುವುದೂ ತಪ್ಪು, ಅಚ್ಚಾಗಿದೆಯೆಂದು ನಂಬಿಬಿಡುವುದೂ ತಪ್ಪು.

ಶಿಕ್ಷಕ ಮಿತ್ರರೇ, ರಜೆ ಮುಗಿದ ಮೇಲೆ ಮಕ್ಕಳಿಂದ ಪುಸ್ತಕದ ಸಾರಾಂಶ ಕೇಳಬೇಡಿ. 'ಯಾವ ಮಾತನ್ನು ಪರೀಕ್ಷಿಸಿದೆ? ಹೇಗೆ? ಏನು ಸಿಕ್ಕಿತು?' ಎಂದು ಕೇಳಿ. ಧ್ರುವದ ಎತ್ತರ ಯಾರಿಗಾದರೂ 18 ಡಿಗ್ರಿ ಬಂದಿದ್ದರೆ ಅದನ್ನು ತಿದ್ದಿಸಬೇಡಿ. ಮುಷ್ಟಿಯ ಅಳತೆ ಎಲ್ಲಿ ತಪ್ಪಿತೆಂದು ಕೂಡಿ ಹುಡುಕಿ. ವಿಜ್ಞಾನದ ಓದು ಶುರುವಾಗುವುದು ಅಲ್ಲಿಂದ.